ನಾಲ್ಕನೆಯ ಬೆರಳು

ಹೋದ ವಾರ ಮದ್ದಿಕೇರದಿಂದ ಆದೋನಿಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಒಬ್ಬ ಮುದುಕ ಬಂದು ಕೂತ. ಹೆಗಲ ಮೇಲಿನ ಟವೆಲ್ ತೆಗೆದು ಒಮ್ಮೆ ಕೊಡವಿದ. ಅತ್ತರಿನ ವಾಸನೆ, ಅದರಡಿಯಲ್ಲಿ ಕುರಿಯ ಉಣ್ಣೆಯ ಕಮಟು... ಎರಡೂ ಸೇರಿ ಮೂಗಿಗೆ ಬಡಿದದ್ದೇ ತಡ, ನಾನು ಹಲ್ಲು ಕಚ್ಚಿದ್ದು ನನಗೇ ತಿಳಿಯಿತು. ಪಾಪ, ಆ ಮುದುಕ ನನಗೇನೂ ಮಾಡಿದವನಲ್ಲ. ಆದರೂ ಎದ್ದು ಹಿಂದಿನ ಸೀಟಿಗೆ ಹೋಗಿಬಿಟ್ಟೆ. ಆ ವಾಸನೆಯ ಇನ್ನೊಬ್ಬ ಮನುಷ್ಯ ಸತ್ತು ಕೆಲವು ತಿಂಗಳಾಗಿವೆ. ನನ್ನ ಸಿಟ್ಟಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಆತನ ಬಗ್ಗೆ ಬರೆದುಕೊಡಿ ಎಂದು ನಮ್ಮ ಕ್ಲಬ್ಬಿನ ಸೆಕ್ರೆಟರಿ ಆಗಲೇ ಫೋನ್ ಮಾಡಿದ್ದರು. ತೆಲುಗು, ಕನ್ನಡ ಎರಡರಲ್ಲೂ ತರುವ ವಾರ್ಷಿಕ ಸಂಚಿಕೆಗೆ ಅಗಲಿದ ಹಿರಿಯ ಸದಸ್ಯರ ನೆನಪು ಬೇಕಂತೆ. "ನೀವು ಅವರ ಎದುರು ಇಸ್ಪೀಟಿನ ಫೈನಲ್ ಆಡಿದೋರು ಮೇಡಂ, ನಿಮಗಿಂತ ಚೆಂದ ಯಾರು ಬರೀತಾರ?" ಎಂದರು. ಪುರುಸೊತ್ತಿಲ್ಲ ಎಂದು ತಪ್ಪಿಸಿಕೊಂಡಿದ್ದೆ. ಬಸ್ಸಿಳಿದು ಮನೆಗೆ ಬಂದವಳು ಕೈಕಾಲು ಕೂಡ ತೊಳೆಯದೆ ಬರೆಯಲು ಕೂತೆ.

ಹೆಸರು ಬರೆಯುವುದಿಲ್ಲ. ಕ್ಲಬ್ಬಿನಲ್ಲಿ ಎಲ್ಲರೂ ಆತನನ್ನು ಪೆದ್ದಾಯನ ಎನ್ನುತ್ತಿದ್ದರು, ದೊಡ್ಡವರು ಎಂಬ ಗೌರವದಲ್ಲಿ. ನಮ್ಮ ಮನೆಯಲ್ಲಿ ಆತ ಬರೀ ದಲ್ಲಾಳಿ. ಸತ್ತವರನ್ನು ಅವರು ಎಂದು ಬರೆಯುವುದು ಮರ್ಯಾದೆ ಎಂದು ಬಲ್ಲೆ. ನನ್ನ ಪೆನ್ನು ಆ ಮರ್ಯಾದೆಗೆ ಒಪ್ಪುತ್ತಿಲ್ಲ. ಸೆಕ್ರೆಟರಿಯವರು ಬೇಕಾದರೆ ತಿದ್ದಿಕೊಳ್ಳಲಿ.

ನಮ್ಮೂರು ಆಸ್ಪರಿಯ ಕಡೆ. ಅಪ್ಪ ಕುರಿ ಸಾಕಿದವರು, ಅವರಪ್ಪನೂ ಅದೇ. ನಮ್ಮ ಕಡೆಯ ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ದಲ್ಲಾಳಿ ತನ್ನ ಟವೆಲನ್ನು ಮಾರುವವನ ಕೈಮೇಲೆ ಹಾಕಿ, ಅದರ ಕೆಳಗೆ ಅವನ ಬೆರಳು ಹಿಡಿಯುತ್ತಿದ್ದ. ಎಷ್ಟು ಬೆರಳು ಹಿಡಿದನೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ, ಆ ಮುಖಗಳಲ್ಲಿ ಏನೂ ಇರಕೂಡದು. ಹಿಡಿದ ಬೆರಳಿಗೆ ಸಾಕ್ಷಿ ಇಲ್ಲ, ಚೀಟಿ ಇಲ್ಲ. ಹಿಡಿದವನ ನಾಲಗೆ, ಹಿಡಿಸಿಕೊಂಡವನ ನಾಲಗೆ, ಅಷ್ಟೇ.

ನಾನು ಕಾಲೇಜಿನಲ್ಲಿ ಇಂಟರ್ ಓದುತ್ತಿದ್ದ ಕಾಲ. ರಜೆ ಇದ್ದುದರಿಂದ ಅಪ್ಪನ ಜೊತೆ ಸಂತೆಗೆ ಹೋಗಿದ್ದೆ. ನಮ್ಮ ಹಿಂಡಿನಲ್ಲೇ ಚೆಲುವಾದ ಟಗರನ್ನು ಅಪ್ಪ ಮಾರಲು ತಂದಿದ್ದರು. ದಲ್ಲಾಳಿ ಬಂದ, ಟವೆಲ್ ಹಾಕಿದ, ಬೆರಳು ಹಿಡಿದ. ಅಪ್ಪ ತಲೆಯಾಡಿಸಿ ಟಗರಿನ ಹಗ್ಗ ಬಿಟ್ಟುಕೊಟ್ಟರು. ಕೊಂಡವರು ಟಗರನ್ನು ಗಾಡಿ ಹತ್ತಿಸಿಕೊಂಡು ಹೊರಟೂ ಹೋದರು. ಆಮೇಲೆ ಆತ ಮೂರು ಬೆರಳಿನ ಬೆಲೆ ತಂದು ಕೊಟ್ಟ. "ನಾಲ್ಕು ಹಿಡಿದೀರಿ" ಎಂದರು ಅಪ್ಪ. ಆತ ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನು ಇಷ್ಟು ಸಿಟ್ಟು ಹೊರುತ್ತಿರಲಿಲ್ಲವೇನೋ. ಅಪ್ಪನ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ಹಿಡಿದು, ನಗುತ್ತಾ, "ನೋಡ್ರಪ್ಪಾ, ಕೋಲು ಹಿಡಿದೂ ಹಿಡಿದೂ ಕೈ ಮರಗಟ್ಟ್ಯಾವ. ಮೂರು ಹಿಡಿದ್ರ ನಾಲ್ಕು ಅಂತಾವ!" ಎಂದ. ಸಂತೆಯೇ ನಕ್ಕಿತು.

ಅಪ್ಪ ಆ ದಿನದಿಂದ ಮಂದಿಯ ಬಾಯಲ್ಲಿ ಮೂರು ಬೆರಳಿನವನಾದರು. ಹೋಟೆಲಿನಲ್ಲಿ, ಬಾವಿಕಟ್ಟೆಯಲ್ಲಿ, ಕೊನೆಗೆ ನನ್ನ ಕಾಲೇಜಿನ ಬಸ್ಸಿನಲ್ಲಿ ಕೂಡ. ಅಪ್ಪ ಮತ್ತೆ ಆ ಸಂತೆಗೆ ಕಾಲಿಡಲಿಲ್ಲ. ಹಿಂಡನ್ನು ಚಿಕ್ಕಪ್ಪನಿಗೆ ವಹಿಸಿ, ಆದೋನಿಯ ಹತ್ತಿ ಮಿಲ್ಲೊಂದರ ಗೇಟು ಕಾಯಲು ಸೇರಿದರು. ಗೇಟಿನಲ್ಲಿ ಯಾರೂ ಬೆರಳು ಹಿಡಿಯುವುದಿಲ್ಲ ಎಂಬುದೇ ಅವರಿಗೆ ಆ ಕೆಲಸದ ದೊಡ್ಡ ಅನುಕೂಲ.

ನನಗೆ ಸರ್ಕಾರಿ ಕೆಲಸ ಸಿಕ್ಕಿತು, ಮದುವೆಯಾಯಿತು, ಅಪ್ಪ ನಮ್ಮ ಜೊತೆಗೇ ಬಂದು ಇದ್ದರು. ಸಂಜೆ ಮಂಚದ ಮೇಲೆ ಕೂತು ಅವರು ತಮ್ಮ ಎಡಗೈ ಬೆರಳುಗಳನ್ನು ಬಲಗೈಯಿಂದ ಹಿಡಿದು ಬಿಡುವುದನ್ನು ನೋಡುತ್ತಿದ್ದೆ. ಮೊದಲು ಮೂರು, ಆಮೇಲೆ ನಾಲ್ಕು, ಮತ್ತೆ ಮೂರು... ಬೆರಳು ನೋಯುತ್ತವೆಯೇನೋ ಎಂದು ಎಣ್ಣೆ ಕಾಯಿಸಿ ತಂದೆ. "ನೋವಲ್ಲವ್ವಾ" ಎಂದರು. "ನನ್ನ ಕೈದೇ ತಪ್ಪಿತ್ತೋ ಏನೋ. ಅಷ್ಟು ಮಂದಿ ನಕ್ಕರಲ್ಲ" ಎಂದರು.

ಟಗರು ಹೋಗಲಿ, ಹಾಳಾಗಿ ಹೋಗಲಿ. ಆತ ಅಪ್ಪನಿಂದ ಅಪ್ಪನ ಕೈಯನ್ನೇ ಕಸಿದುಕೊಂಡಿದ್ದ. ಸ್ವಂತ ಕೈಯನ್ನೇ ನಂಬದ ಮನುಷ್ಯನನ್ನು ಮನೆಯಲ್ಲಿಟ್ಟುಕೊಂಡು ನೋಡಿದವರಿಗೆ ಮಾತ್ರ ಗೊತ್ತು ಅದರ ಸಂಕಟ.

ದಲ್ಲಾಳಿ ಅಷ್ಟರಲ್ಲಿ ಕುರಿ ಬಿಟ್ಟು ಹತ್ತಿಗೆ ಕೈಹಾಕಿ ದೊಡ್ಡ ಮನುಷ್ಯನಾಗಿದ್ದ. ಅತ್ತರು ಹಚ್ಚಿದ ಟವೆಲ್ ಮಾತ್ರ ಹೆಗಲಿನಿಂದ ಇಳಿದಿರಲಿಲ್ಲ. ನನ್ನ ಗಂಡ ನೌಕರರ, ವ್ಯಾಪಾರಿಗಳ ಕ್ಲಬ್ಬಿನ ಸದಸ್ಯರು. ಅಲ್ಲಿ ವಾರ್ಷಿಕೋತ್ಸವಕ್ಕೆ ಹೋದಾಗ ನಡುವಿನ ಕುರ್ಚಿಯಲ್ಲಿ ಆತನನ್ನು ಕಂಡೆ. ಆತನಿಗೆ ನನ್ನ ಗುರುತು ಸಿಗಲಿಲ್ಲ. ನನಗೆ ಆತನ ಒಂದೊಂದು ಬೆರಳೂ ಗುರುತಿತ್ತು.

ಆ ಕ್ಲಬ್ಬಿಗೆ ಪೋಕರ್ ತಂದವರು ಹೊರಗಿನಿಂದ ವರ್ಗವಾಗಿ ಬಂದ ಒಬ್ಬ ಇಂಜಿನಿಯರು. ನಮ್ಮಲ್ಲಿ ಇಸ್ಪೀಟಿನ ಪೇಕಾಟ ಎಂದರೆ ಪೊಲೀಸ್ ಜೀಪು ಬರುವ ಕಾಲ, ಆದ್ದರಿಂದ ಪೈಸೆ ಇಡುವಂತಿಲ್ಲ. ಎಲ್ಲರಿಗೂ ಒಂದೇ ಸಮ ಪ್ಲಾಸ್ಟಿಕ್ ಬಿಲ್ಲೆ. ಕೈಯಲ್ಲಿ ಎರಡು ಮುಚ್ಚಿದ ಎಲೆ, ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆ. ಬಿಲ್ಲೆ ಮುಗಿದವರು ಎದ್ದು ಹೋಗಬೇಕು, ಕೊನೆಗೆ ಉಳಿದವರು ಗೆದ್ದಂತೆ. ಹಣವಿಲ್ಲದ ಆಟಕ್ಕೆ ರುಚಿ ಬೇಕಲ್ಲ, ಅದಕ್ಕೆ ಒಂದು ಪದ್ಧತಿ ಮಾಡಿಕೊಂಡಿದ್ದರು: ಫೈನಲ್ಲಿನಲ್ಲಿ ಸೋತವರು, ಗೆದ್ದವರು ಕೇಳಿದ್ದನ್ನು ಮೈಕಿನ ಮುಂದೆ ಹೇಳಬೇಕು. ಆ ವರ್ಷ ಗೆದ್ದದ್ದು ದಲ್ಲಾಳಿ. ಸೋತ ಇಂಜಿನಿಯರ ಕೈಲಿ ಕತ್ತೆಯ ಹಾಗೆ ಕೂಗಿಸಿದ. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೆದ್ದಾಯನ ಮುಖ ನೋಡಿ ಎಲೆ ಹೇಳೋಕೆ ಬ್ರಹ್ಮನಿಂದಲೂ ಆಗದು ಎಂದು ಪಕ್ಕದವರು ಹೊಗಳಿದರು. ನಾನು ಆ ಮೈಕನ್ನೇ ನೋಡುತ್ತಿದ್ದೆ. ಅದರ ಮುಂದೆ ಆತನ ಬಾಯಿಂದ ಒಂದೇ ಒಂದು ಮಾತು ಬೇಕಿತ್ತು ನನಗೆ. ನಾಲ್ಕು.

ಸಮಸ್ಯೆ ಏನೆಂದರೆ, ನನಗೆ ಇಸ್ಪೀಟಿನಲ್ಲಿ ಆಟೀನಿಗೂ ಡೈಮಂಡಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಕಲಿಸಿಕೊಡಿ ಎಂದು ಕ್ಲಬ್ಬಿನವರನ್ನು ಕೇಳಿದರೆ ಹೆಂಗಸರಿಗೆ ತಂಬೋಲ ಇದೆಯಲ್ಲ ಮೇಡಂ ಎನ್ನುತ್ತಿದ್ದರು. ಹಾಗಾಗಿ ಪುಸ್ತಕ ತರಿಸಿದೆ. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ ಪರದೇಶದ ಆಟಗಾರರು ಬರೆದ ಇಂಗ್ಲಿಷ್ ಪುಸ್ತಕಗಳು, ಒಂದೊಂದೂ ಇಟ್ಟಿಗೆಯ ದಪ್ಪ. ಕೊರಿಯರ್ ಹುಡುಗ ತಂದ ಪೊಟ್ಟಣ ಬಿಚ್ಚಿ ನನ್ನ ಗಂಡ ಬೆರಗಾದರು.

"ಪೇಕಾಟಕ್ಕೂ ಬುಕ್ ಅದಾವೇನು? ನಮ್ಮ ಮಾವಂದಿರು ಏನು ಓದಿ ಮನಿ ಕಳಕೊಂಡ್ರೋ!"

ನಕ್ಕರೂ ಅಡ್ಡ ಬರಲಿಲ್ಲ. ಅಪ್ಪ ಬೆರಳು ಹಿಡಿದು ಬಿಡುವುದನ್ನು ಅವರೂ ನೋಡಿದ್ದರು.

ನಾನು ತೆಲುಗು ಮೀಡಿಯಂನವಳು. ಆಫೀಸಿನ ಫೈಲಿನ ಇಂಗ್ಲಿಷ್ ಬಿಟ್ಟರೆ ಬೇರೆ ಇಂಗ್ಲಿಷ್ ಇಲ್ಲ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಅನ್ನ ಬೇಯುವಷ್ಟು ಹೊತ್ತು, ಬಸ್ಸು ಬರುವಷ್ಟು ಹೊತ್ತು, ಸಾಹೇಬರು ಬರುವಷ್ಟು ಹೊತ್ತು ಓದಿದೆ. ನಿಧಾನವಾಗಿ ಆಟ ಬಿಚ್ಚಿಕೊಂಡಿತು. ಶುರುವಿನಲ್ಲಿ ಬಿಗಿಹಿಡಿದು ಕೂರು, ಕೆಟ್ಟ ಎಲೆ ಬಂದರೆ ನಾಚಿಕೆಯಿಲ್ಲದೆ ಬಿಸಾಕು. ಪ್ರತಿ ಸುತ್ತಿಗೂ ಕಡ್ಡಾಯವಾಗಿ ಇಡಬೇಕಾದ ಬಿಲ್ಲೆ ಹೊತ್ತು ಹೋದಂತೆ ಹೆಚ್ಚುತ್ತದೆ, ಆದ್ದರಿಂದ ಬರೀ ಕಾಯುವವನೂ ಕರಗಿ ಹೋಗುತ್ತಾನೆ. ಬಿಲ್ಲೆ ಕಡಿಮೆಯಾದಾಗ ಭಿಕ್ಷೆಯಂತೆ ಚೂರುಪಾರು ಇಡಬೇಡ, ಇರುವುದೆಲ್ಲವನ್ನೂ ಒಮ್ಮೆಗೇ ಮುಂದೆ ತಳ್ಳು. ಎಲೆಯನ್ನಲ್ಲ, ಎದುರಿಗೆ ಕೂತವನನ್ನು ಆಡು. ಈ ಕೊನೆಯ ಮಾತಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಗಂಡ, ನಾದಿನಿ, ನಾನು ಹುಣಸೆ ಬೀಜ ಹಂಚಿಕೊಂಡು ಅಡುಗೆಮನೆಯಲ್ಲೇ ಆಡಿದೆವು. ನಾದಿನಿ ಒಳ್ಳೆಯ ಎಲೆ ಬಂದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ಪಾಪ.

ಮರುವರ್ಷ ಹೆಸರು ಕೊಟ್ಟೆ. ಸೆಕ್ರೆಟರಿ ತಲೆ ಕೆರೆದುಕೊಂಡರು, ಆದರೆ ಸದಸ್ಯರ ಕುಟುಂಬ ಆಡಬಾರದು ಎಂದು ಯಾವ ನಿಯಮದಲ್ಲೂ ಇರಲಿಲ್ಲ. ಆಡಿದೆ, ಮೊದಲ ಗಂಟೆಯಲ್ಲೇ ಮಣ್ಣು ಮುಕ್ಕಿದೆ. ಏನೂ ಇಲ್ಲದ ಕೈ ಹಿಡಿದು, ಪುಸ್ತಕದಲ್ಲಿ ಹೇಳಿದಂತೆ, ರಾಜ ರಾಣಿಯರೇ ಕೈಗೆ ಬಂದ ಹಾಗೆ ಬಿಲ್ಲೆ ತಳ್ಳಿದೆ. ಪುಸ್ತಕದ ಪ್ರಕಾರ ಎದುರಿನವರು ಹೆದರಿ ಎಲೆ ಬಿಸಾಕಬೇಕು. ನನ್ನ ಎದುರು ಕೂತಿದ್ದವರು ಪುಸ್ತಕ ಓದದ ಔಷಧಿ ಅಂಗಡಿಯವರು. "ಎಲಿ ಕೈಗೆ ಬಂದಮ್ಯಾಲ ನೋಡದ ಹೆಂಗ ಬಿಡಾದು ಅಕ್ಕಾ?" ಎಂದು ಮೂರರ ಒಂದು ಜೋಡಿ ಹಿಡಿದು ನನ್ನ ಬಿಲ್ಲೆಗಳನ್ನೆಲ್ಲ ಬಾಚಿಕೊಂಡರು. ನಮ್ಮ ಊರಿನಲ್ಲಿ ಎಲೆ ಬಿಸಾಕುವುದೆಂದರೆ ಮಾನ ಬಿಸಾಕಿದಂತೆ. ಆ ಪರದೇಶದ ಪಂಡಿತರಿಗೆ ಆದೋನಿ ಗೊತ್ತಿರಲಿಲ್ಲ, ನನಗೆ ಗೊತ್ತಿದ್ದೂ ಮರೆತಿದ್ದೆ.

ಪಕ್ಕದ ಮೇಜಿನಿಂದ ದಲ್ಲಾಳಿ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, "ಏಮಮ್ಮಾ, ಇದು ಬುಕ್ಕಿನಾಗ ಬರದಿರಲಿಲ್ಲೇನು?" ಎಂದ. ಮತ್ತೆ ಎಲ್ಲರೂ ನಕ್ಕರು. ಅದೇ ನಗು. ಸಂತೆಯಿಂದ ಕ್ಲಬ್ಬಿಗೆ ಬರುವಷ್ಟರಲ್ಲಿ ಅದಕ್ಕೆ ವಯಸ್ಸೇ ಆಗಿರಲಿಲ್ಲ.

ಮನೆಗೆ ಬಂದು ಅದೇ ಪುಸ್ತಕವನ್ನು ಮತ್ತೆ ತೆರೆದರೆ, ಎಲೆ ಬಿಡದವರ ಮೇಲೆ ಸುಳ್ಳು ಆಡಬೇಡ ಎಂಬ ಮಾತು ಅಲ್ಲಿಯೇ ಇತ್ತು. ಸಿಟ್ಟಿನಲ್ಲಿ ಓದಿದ್ದರಿಂದ ಕಣ್ಣು ಹಾರಿಸಿತ್ತು. ಈ ಸಲ ತಣ್ಣಗೆ ಓದಿದೆ. ಸೇಡಿಗೂ ತಾಳ್ಮೆ ಬೇಕು ಎಂದು ನನಗೆ ಕಲಿಸಿದ್ದು ಆ ಪುಸ್ತಕಗಳು. ಇನ್ನೊಂದು ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು: ಮುಖವನ್ನು ಆಳುವುದು ಎಲ್ಲರೂ ಕಲಿತಿರುತ್ತಾರೆ, ಕೈಯನ್ನು ನೋಡಿ ಎಂಬ ಅರ್ಥದ್ದು. ಅದನ್ನು ಓದಿದವಳೇ ಪುಸ್ತಕ ಮಡಿಸಿ ಅಪ್ಪನ ಮಂಚದ ಬಳಿ ಹೋದೆ.

"ಅಪ್ಪಾ, ಟವೆಲ್ ಕೆಳಗ ಬೆರಳು ಹಿಡಿದಾಗ, ಅವ ಖರೇ ಕೊಡ್ತಾನೋ ಸುಮ್ನೆ ಕೆಣಕ್ತಾನೋ ಅಂತ ಹೆಂಗ ಗೊತ್ತಾಕ್ಕಿತ್ತು?"

ಅಪ್ಪ ನನ್ನ ಕೈಯನ್ನು ತಮ್ಮ ಪಂಚೆಯ ಅಂಚಿನಡಿ ಎಳೆದುಕೊಂಡು ತೋರಿಸಿದರು. "ಖರೇ ಕೊಡೋನು ಗಟ್ಟಿಗೆ ಹಿಡಿದು ಸುಮ್ನಾಗ್ತಾನವ್ವಾ. ಕೆಣಕೋನ ಕಿರುಬೆರಳು ಸುಮ್ನಿರಂಗಿಲ್ಲ, ತಿಕ್ಕತಿರ್ತೈತಿ" ಎಂದರು. ಯಾಕೆ ಎಂದು ಕೇಳಲಿಲ್ಲ. ಹಿಡಿದ ಕೈಯನ್ನು ಬೇಗ ಬಿಡಲೂ ಇಲ್ಲ.

ಆ ವರ್ಷವಿಡೀ ಕ್ಲಬ್ಬಿನಲ್ಲಿ ಭಾನುವಾರದ ಆಟ ನೋಡುವ ನೆಪದಲ್ಲಿ ಕೂತೆ. ಎಲ್ಲರೂ ದಲ್ಲಾಳಿಯ ಮುಖ ನೋಡುತ್ತಿದ್ದರು. ಅದು ಕಲ್ಲು. ಸಂತೆಯಲ್ಲಿ ನೂರಾರು ಜನ ದಿಟ್ಟಿಸಿ ನೋಡಿದ ಮುಖ ಅದು, ಏನೂ ಬಿಟ್ಟುಕೊಡುತ್ತಿರಲಿಲ್ಲ. ಆದರೆ ಆತನ ಕೈಗಳು ಜೀವಮಾನವೆಲ್ಲ ಟವೆಲಿನ ಕೆಳಗೆ ದುಡಿದವು. ಅವನ್ನು ಯಾರಾದರೂ ನೋಡುತ್ತಾರೆ ಎಂಬುದೇ ಅವಕ್ಕೆ ಗೊತ್ತಿರಲಿಲ್ಲ. ನಿಜವಾಗಿ ಒಳ್ಳೆಯ ಎಲೆ ಬಂದರೆ ಎಡಗೈ ಮೇಜಿನ ಮೇಲೆ ಸತ್ತಂತೆ ಮಲಗುತ್ತಿತ್ತು. ಸುಳ್ಳು ಆಡುವಾಗ ಕಿರುಬೆರಳು ಮೇಜಿನ ಅಂಚನ್ನು ತಿಕ್ಕುತ್ತಿತ್ತು. ಮೊದಲ ಸಲ ಅದನ್ನು ಕಂಡಾಗ ನನಗೆ ಕುಣಿಯಬೇಕೆನಿಸಿತು. ಕುಣಿಯದೆ ಟೀ ಕುಡಿದು ಮನೆಗೆ ಬಂದೆ.

ಮುಂದಿನ ಟೂರ್ನಮೆಂಟಿನಲ್ಲಿ ನಾನು ಆಡಿದ್ದಕ್ಕಿಂತ ಬಿಸಾಕಿದ್ದೇ ಹೆಚ್ಚು. ಎಲೆ ಬಿಸಾಕಿದಾಗಲೆಲ್ಲ ಔಷಧಿ ಅಂಗಡಿಯವರು ಅಯ್ಯೋ ಎಂದು ಮರುಗಿದರು. ಒಳ್ಳೆಯ ಎಲೆ ಬಂದಾಗ ಅವರ ಮರುಕವನ್ನೂ ಬಿಲ್ಲೆಗಳನ್ನೂ ಒಟ್ಟಿಗೇ ತೆಗೆದುಕೊಂಡೆ. ಮಧ್ಯಾಹ್ನದ ಊಟದ ಹೊತ್ತಿಗೆ ಮೇಜಿನಲ್ಲಿ ಉಳಿದದ್ದು ಇಬ್ಬರು, ನಾನು ಮತ್ತು ದಲ್ಲಾಳಿ. ಸುತ್ತ ಕುರ್ಚಿ ಎಳೆದುಕೊಂಡು ಮಂದಿ ಸೇರಿದರು.

ಬಹಳ ಹೊತ್ತು ಆಡಿದೆವು. ಆತ ಒಳ್ಳೆಯ ಆಟಗಾರ, ಅದನ್ನು ಇಲ್ಲ ಎನ್ನಲಾರೆ. ಕೊನೆಗೆ ನನ್ನ ಕೈಗೆ ಎರಡು ಒಂಬತ್ತು ಬಂದವು. ಮಧ್ಯದಲ್ಲಿ ಆಟೀನಿನ ರಾಣಿ, ಏಳು, ಮೂರು ಬಿದ್ದವು, ಆಮೇಲೆ ಬೇರೆ ಬಣ್ಣದ ಒಂದು ರಾಜ, ಒಂದು ಎರಡು. ಒಂದೇ ಬಣ್ಣದ ಐದು ಎಲೆ ಸೇರಿದರೆ ಜೋಡಿ ಸೋಲುತ್ತದೆ, ಹಾಗಾಗಿ ಕೈಯಲ್ಲಿ ಎರಡು ಆಟೀನು ಇದ್ದವನಿಗೆ ನನ್ನ ಒಂಬತ್ತುಗಳು ಧೂಳು. ಆತ ಇದ್ದ ಬಿಲ್ಲೆಗಳನ್ನೆಲ್ಲ ನಿಧಾನವಾಗಿ ಮುಂದೆ ತಳ್ಳಿ ಹಿಂದಕ್ಕೆ ಒರಗಿದ. ಮುಖ ಕಲ್ಲು. ನನ್ನ ಪುಸ್ತಕಗಳೆಲ್ಲ ಒಕ್ಕೊರಲಿನಿಂದ ಬಿಸಾಕು ಎಂದವು. ಒಪ್ಪಿ ಸೋತರೆ ನನಗೆ ಉಳಿಯುವುದು ಬೆರಳೆಣಿಕೆಯ ಬಿಲ್ಲೆ. ನಾನು ಆತನ ಎಡಗೈ ನೋಡಿದೆ. ಕಿರುಬೆರಳು ಮೇಜಿನ ಅಂಚನ್ನು ತಿಕ್ಕುತ್ತಿತ್ತು... ಮೆಲ್ಲಗೆ, ಹಾವಿನ ಬಾಲದ ಹಾಗೆ.

"ನೋಡ್ತೀನಿ" ಎಂದು ನಾನೂ ಅಷ್ಟೇ ಬಿಲ್ಲೆ ಮುಂದೆ ತಳ್ಳಿದೆ.

ಆತ ಎಲೆ ತಿರುಗಿಸಿದ. ಒಂದು ಗುಲಾಮ, ಒಂದು ಎಂಟು. ಯಾವುದಕ್ಕೂ ಜೋಡಿಯಿಲ್ಲ. ಕ್ಲಬ್ಬು ಕಿತ್ತುಹೋಗುವ ಹಾಗೆ ಚಪ್ಪಾಳೆ ಬಿತ್ತು. ನನ್ನ ಗಂಡ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು.

ಮೈಕು ತಂದರು. ಸೋತವರಿಗೆ ಏನು ಹೇಳಿಸುತ್ತೀರಿ ಮೇಡಂ ಎಂದರು ಸೆಕ್ರೆಟರಿ. ನಾಯಿಯ ಹಾಗೆ ಬೊಗಳಿಸಿ ಎಂದು ಯಾರೋ ಕೂಗಿದರು. ನಾನು ನಮ್ಮೂರಿನ ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ. "ಆ ಟಗರಿಗೆ ಎಷ್ಟು ಬೆರಳು ಹಿಡಿದಿದ್ರಿ, ಅಷ್ಟ ಹೇಳ್ರಿ ಸಾಕು" ಎಂದೆ.

ಆತ ಆಗ ನನ್ನನ್ನು ನಿಜವಾಗಿ ನೋಡಿದ. ಗುರುತು ಹತ್ತಿತು. ಕಲ್ಲು ಮುಖದಲ್ಲಿ ಏನೂ ಅಲುಗಲಿಲ್ಲ. ಹೆಗಲಿನಿಂದ ಟವೆಲ್ ತೆಗೆದು, "ಮಗಳಂಗ ಅದಿ, ತಪ್ಪು ತಿಳ್ಕಬ್ಯಾಡಮ್ಮಾ" ಎಂದು ನನ್ನ ಕೈಮೇಲೆ ಹಾಸಿದ. ಅತ್ತರು ಮೂಗಿಗೆ ಬಡಿಯಿತು. ಹಳೇ ಕಾಲದ ವ್ಯಾಪಾರದ ನಾಟಕ ನೋಡಲು ಮಂದಿ ಶಿಳ್ಳೆ ಹೊಡೆದರು. ಟವೆಲಿನ ಕೆಳಗೆ ಆತನ ಕೈ ನನ್ನ ಬೆರಳುಗಳನ್ನು ಹುಡುಕಿತು, ಹಿಡಿಯಿತು. ನಾಲ್ಕು. ಕಿರುಬೆರಳನ್ನೂ ಸೇರಿಸಿ ನಾಲ್ಕು. ಗಟ್ಟಿಗೆ ಹಿಡಿದು ಸುಮ್ಮನಾಯಿತು. ಆ ಒಂದು ಕ್ಷಣ ನನ್ನ ಕಣ್ಣು ತುಂಬಿ ಬಂದವು. ಮುದುಕ ಒಪ್ಪಿಕೊಂಡ ಎಂದುಕೊಂಡೆ.

ಆತ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ, ಮೈಕು ಬಾಯಿಗೆ ಹಿಡಿದ.

"ಮೂರು" ಎಂದ.

"ಸುಳ್ಳು! ನಾಲ್ಕು ಹಿಡಿದೀರಿ ಈಗ!" ಎಂದು ನಾನು ಕಿರುಚಿದೆ. ಆತ ಮಂದಿಯ ಕಡೆ ತಿರುಗಿ, "ಮಗಳ ಕೈನೂ ಅಪ್ಪನಂಗ ಮರಗಟ್ಟೈತಿ" ಎಂದು ನಕ್ಕ. ಕ್ಲಬ್ಬು ನಕ್ಕಿತು. ಸೆಕ್ರೆಟರಿಯವರೇ, ನೀವೂ ನಕ್ಕಿರಿ. ನಾನು ಗೆದ್ದ ಕಪ್ ಹಿಡಿದು ನಿಂತಿದ್ದೆ, ಅಪ್ಪ ನಿಂತಿದ್ದ ಜಾಗದಲ್ಲೇ, ಅಪ್ಪ ನಿಂತಿದ್ದ ಹಾಗೇ.

ಮನೆಗೆ ಹೋಗಿ ಅಪ್ಪನ ಮುಂದೆ ಕುಸಿದು ಕೂತು ಎಲ್ಲ ಹೇಳಿದೆ. ಬೈದೆ, ಅತ್ತೆ. ಅವರು ಮೈಕಿನ ಮಾತು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಟವೆಲ್ ಕೆಳಗ ಎಷ್ಟು ಹಿಡಿದ?"

"ನಾಲ್ಕು."

"ಕಿರುಬೆರಳೂ?"

"ಅದೂ. ಗಟ್ಟಿಗೆ."

ಅಪ್ಪ ತಮ್ಮ ಎಡಗೈಯನ್ನು ಎತ್ತಿ, ಎಷ್ಟೋ ದಿನದ ಮೇಲೆ ಊರಿಂದ ಬಂದವರನ್ನು ನೋಡುವ ಹಾಗೆ ನೋಡಿದರು. "ಹಂಗಾದ್ರ ನನ್ನ ಕೈ ಸರಿ ಇತ್ತವ್ವಾ" ಎಂದರು. ಆಮೇಲೆ ಟೀ ಕೇಳಿದರು, ಬೆಲ್ಲ ಜಾಸ್ತಿ ಹಾಕಿಸಿಕೊಂಡು ಕುಡಿದರು. ಆ ದಿನದ ನಂತರ ಅವರು ಬೆರಳು ಹಿಡಿದು ಬಿಟ್ಟು ಮಾಡಿದ್ದನ್ನು ನಾನು ನೋಡಲಿಲ್ಲ. ಚಳಿಗಾಲದಲ್ಲಿ ತೀರಿಕೊಂಡರು, ಯಾರ ಮೇಲೂ ಸಿಟ್ಟಿಲ್ಲದೆ. ಅವರಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ಹೊಸ ಪುಸ್ತಕಗಳನ್ನು ತರಿಸಿದೆ, ಮುಂದಿನ ಟೂರ್ನಮೆಂಟಿಗೆ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ. ಅದು ಇನ್ನೂ ದೂರವಿರುವಾಗಲೇ ದಲ್ಲಾಳಿ ನಿದ್ದೆಯಲ್ಲಿ ಹೋಗಿಬಿಟ್ಟ, ಯಾವ ನೋವೂ ಇಲ್ಲದೆ, ಹೇಳದೆ ಕೇಳದೆ.

ನೋಡಲು ಹೋಗಿದ್ದೆ. ಮನೆ ತುಂಬ ಜನ. ಮಾತು ಅಂದರೆ ಮಾತು, ಅಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ ಎಂದು ಯಾರೋ ಹೇಳುತ್ತಿದ್ದರು. ಕುತ್ತಿಗೆವರೆಗೂ ಬಿಳಿ ಬಟ್ಟೆ ಹೊದಿಸಿದ್ದರು, ಕೈ ಕಾಣುತ್ತಿರಲಿಲ್ಲ. ಸಮಾಧಾನವಾಗುತ್ತದೆ ಎಂದುಕೊಂಡು ಹೋದವಳು ಮೋಸಹೋದವಳ ಹಾಗೆ ಹೊರಗೆ ಬಂದೆ. ಆ ನಾಲ್ಕು ಬೆರಳು ಗೊತ್ತಿದ್ದವರು ಜಗತ್ತಿನಲ್ಲಿ ಮೂವರೇ ಇದ್ದರು. ಅಪ್ಪ ಹೋದರು, ಆತ ಹೋದ. ಈಗ ನಾನೊಬ್ಬಳು, ನನ್ನ ಕೈ ಮರಗಟ್ಟಿದೆ ಎಂದು ಇಡೀ ಕ್ಲಬ್ಬಿಗೆ ಗೊತ್ತು.

ಸೆಕ್ರೆಟರಿಯವರೇ, ಅಚ್ಚು ಹಾಕುವುದಾದರೆ ಇದನ್ನೇ ಹಾಕಿ, ಇಲ್ಲದಿದ್ದರೆ ಬಿಡಿ. ಸಂತಾಪ ಸೂಚಿಸಬೇಕು ಎಂದಿದ್ದಿರಿ. ಸಂತಾಪ ನನಗೆ ನಿಜವಾಗಿಯೂ ಇದೆ, ಪ್ರಾಯಶಃ ಆತನ ಮಕ್ಕಳಿಗಿಂತ ಹೆಚ್ಚು. ಆತ ಇನ್ನೊಂದು ವರ್ಷ ಬದುಕಬೇಕಿತ್ತು. ಈ ಸಲ ಟವೆಲ್ ತೆಗೆಸಿ, ಎಲ್ಲರ ಕಣ್ಣೆದುರು ಬರಿಗೈ ಹಿಡಿಸುತ್ತಿದ್ದೆ.